ಚಲ್ತಿಗೆ ಹೋಗದ ನಾಣ್ಯ

ಬೇರೆಯವರ ಮೇಜಿನ ಮೇಲಿರುವ ಕಾಗದವನ್ನು ತಲೆಕೆಳಗಾಗಿ ಓದುವ ಚಟ ನನಗೆ ಮೊದಲಿನಿಂದಲೂ ಇದೆ. ಶಾಲೆಯಲ್ಲಿ ಹೆಡ್ ಮಾಸ್ತರರ ಎದುರು ನಿಂತು ಬೈಸಿಕೊಳ್ಳುವಾಗಲೂ ಅವರ ಮೊಣಕೈ ಕೆಳಗಿನ ವರ್ಗಾವಣೆ ಪಟ್ಟಿಯನ್ನು ಓದಿ ಮುಗಿಸಿರುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಒಂದು ದಿನ ಹುಮನಾಬಾದಿನ ಅಂಚೆ ಕಚೇರಿಗೆ ಮನಿಯಾರ್ಡರ್ ಮಾಡಲು ಹೋದವಳು ಪೋಸ್ಟ್ ಮಾಸ್ತರರ ಮೇಜಿನ ಮೇಲಿದ್ದ ಒಂದು ಫಾರ್ಮನ್ನು ಹೀಗೇ ಓದಿಬಿಟ್ಟೆ. ಅದು ಮುಂಬಯಿಯ ಸರ್ಕಾರಿ ಟಂಕಸಾಲೆಯದು. ನಾಣ್ಯ ಬೇಕಾದವರು ಹೆಸರು, ವಿಳಾಸ, ಎಷ್ಟು ಸೆಟ್ ಬೇಕು ಎಂಬುದನ್ನು ತುಂಬಿ ಬ್ಯಾಂಕಿನ ಡ್ರಾಫ್ಟ್ ಜೊತೆ ಕಳಿಸಬೇಕು ಎಂದು ಅದರಲ್ಲಿತ್ತು.

ನನಗೆ ತಲೆಬುಡ ತಿಳಿಯಲಿಲ್ಲ. ರೂಪಾಯಿ ಕೊಟ್ಟು ಉಪ್ಪು ಕೊಳ್ಳುತ್ತೇವೆ, ಸೀರೆ ಕೊಳ್ಳುತ್ತೇವೆ. ರೂಪಾಯಿ ಕೊಟ್ಟು ರೂಪಾಯಿಯನ್ನೇ ಕೊಳ್ಳುವವರು ಯಾರು? ಅದೂ ಅದರ ಮೇಲೆ ಅಚ್ಚಾಗಿರುವ ಬೆಲೆಗಿಂತ ಹೆಚ್ಚು ಕೊಟ್ಟು? ಮನಿಯಾರ್ಡರ್ ಮರೆತು ಅದನ್ನೇ ಕೇಳಿದೆ.

ಪೋಸ್ಟ್ ಮಾಸ್ತರರು ಧಾರವಾಡದ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು. ಅಂಚೆಚೀಟಿ, ನಾಣ್ಯ ಕೂಡಿಸುವ ಹುಚ್ಚು ಅವರಿಗೆ. ಹುಮನಾಬಾದಿಗೆ ಬಂದ ಮೇಲೆ ಆ ಹುಚ್ಚಿನ ಬಗ್ಗೆ ಯಾರೂ ಒಂದು ಮಾತು ಕೇಳಿರಲಿಲ್ಲವೆಂದು ಕಾಣುತ್ತದೆ. ಒಳಗಿನಿಂದ ಸ್ಟೂಲು ತರಿಸಿ ಕೂರಿಸಿ, ಸಾಲಿನಲ್ಲಿದ್ದವರನ್ನು ಹಾಗೇ ನಿಲ್ಲಿಸಿಕೊಂಡು ವಿವರಿಸಿದರು. ಟಂಕಸಾಲೆ ಎರಡು ಬಗೆಯ ಸೆಟ್ ಮಾರುತ್ತದೆ. ಒಂದು, ಅಚ್ಚನ್ನು ಉಜ್ಜಿ ಉಜ್ಜಿ ಹೊಳಪು ಮಾಡಿ, ಎರಡೆರಡು ಸಲ ಹೊಡೆದು ತೆಗೆದ ನಾಣ್ಯಗಳದು. ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು, ಅಷ್ಟು ಕನ್ನಡಿ. ಅದನ್ನು ಪ್ರೂಫ್ ಸೆಟ್ ಅನ್ನುತ್ತಾರೆ. ಇನ್ನೊಂದು, ಬಜಾರಿನಲ್ಲಿ ಓಡಾಡುವಂಥದೇ ಸಾದಾ ನಾಣ್ಯಗಳು, ಜೊತೆಗೆ ಅರ್ಧ ಬೆಳ್ಳಿಯ ದೊಡ್ಡದೊಂದು. ಆದರೆ ಅವು ಬಜಾರಿಗೆ ಹೋಗಿರುವುದಿಲ್ಲ.

"ಇವು ಯಾರ ಕೈಗೂ ಹೋಗಿಲ್ರಿ ಬಾಯಿ. ಟಂಕಸಾಲಿಯಿಂದ ಸೀದಾ ನಿಮ್ಮ ಮನಿಗೆ" ಎಂದರು ಅವರು.

ಈ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ. ಇಪ್ಪತ್ತು ವರ್ಷದ ಹಿಂದೆ, ಬಸವಕಲ್ಯಾಣದ ಬಜಾರಿನಲ್ಲಿ, ಮಂಠಾಳ ಎಂಬ ಹಳ್ಳಿಯ ಒಬ್ಬ ಹೆಣ್ಣುಮಗಳ ಬಾಯಿಂದ.

ನನ್ನ ಅಪ್ಪ ಬಸವಕಲ್ಯಾಣದ ಒಬ್ಬ ಸರಾಫರ ಅಂಗಡಿಯಲ್ಲಿ ಪಾರಖಿ. ಹಾಗೆಂದರೆ ರೂಪಾಯಿ ಖರೆಯೋ ಖೋಟಾವೋ ಹೇಳುವವರು. ಎಡಗೈ ತೋರುಬೆರಳಿನ ತುದಿಯ ಮೇಲೆ ರೂಪಾಯಿ ನಿಲ್ಲಿಸಿ, ಇನ್ನೊಂದರ ಅಂಚಿನಿಂದ ಮೆಲ್ಲಗೆ ತಟ್ಟಿ, ಕಿವಿಯ ಹತ್ತಿರ ಒಯ್ಯುತ್ತಿದ್ದರು. ಅಷ್ಟೇ. ರೂಪಾಯಿಗೆ ಮೂರು ದನಿ ಇರುತ್ತವೆ ಎಂದು ಹೇಳುತ್ತಿದ್ದರು: ಏಳುವ ದನಿ, ನಿಲ್ಲುವ ದನಿ, ಇಳಿಯುವ ದನಿ. ಖೋಟಾ ಮಾಡುವವನು ಏಳುವುದನ್ನು ಮಾಡಬಲ್ಲ, ನಿಲ್ಲುವುದನ್ನು ಅವನಪ್ಪನಿಂದಲೂ ಮಾಡಲಾಗುವುದಿಲ್ಲವಂತೆ. ಮನೆಯಲ್ಲಿ ಅವ್ವ ಅಡುಗೆ ಮನೆಯಲ್ಲಿ ಎರಡಾಣೆ ಬೀಳಿಸಿದರೆ ಪಡಸಾಲೆಯಲ್ಲಿ ಕೂತೇ ಎರಡಾಣೆ ಅನ್ನುತ್ತಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಯಾರೂ ಗುಟ್ಟಾಗಿ ದುಡ್ಡು ಇಟ್ಟುಕೊಳ್ಳುವ ಹಾಗಿರಲಿಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಿಜಾಮರ ಕಾಲದಿಂದ ಓಡುತ್ತಿದ್ದ ಹಾಲಿ ಸಿಕ್ಕಾ, ಅಂದರೆ ಚಾರ್ಮಿನಾರ್ ಚಿತ್ರದ ರೂಪಾಯಿ, ಇನ್ನು ಮುಂದೆ ಓಡುವುದಿಲ್ಲ ಎಂದು ಆಗಿತ್ತು. ಹಳ್ಳಿಯವರೆಲ್ಲ ಗಡಿಗೆ, ಗಂಟು, ಗೋಡೆಯ ಗೂಡುಗಳಿಂದ ತೆಗೆದು ತಂದು ಬದಲಿಸಿಕೊಳ್ಳುತ್ತಿದ್ದರು. ಕಚೇರಿಯ ಮೆಟ್ಟಿಲು ಹತ್ತಲು ಅಂಜುವವರು ಸರಾಫರ ಅಂಗಡಿಗೆ ಬರುತ್ತಿದ್ದರು. ನನಗೆ ಆಗ ಒಂಬತ್ತೋ ಹತ್ತೋ ವರ್ಷ. ಶಾಲೆ ಬಿಟ್ಟ ಮೇಲೆ ಅಂಗಡಿಯ ಕಟ್ಟೆಯ ಮೇಲೆ ಕೂತು ಯಾರು ಎಷ್ಟು ಬಚ್ಚಿಟ್ಟಿದ್ದರು ನೋಡುವುದು ನನ್ನ ಕೆಲಸ.

ಆ ದಿನ ಮಂಠಾಳದಿಂದ ಬಂದವಳಿಗೆ ಮೂವತ್ತರ ವಯಸ್ಸಿರಬೇಕು. ಸೆರಗಿನ ಗಂಟು ಬಿಚ್ಚಿ ರೂಪಾಯಿ ಸುರಿದಳು. ಹೆಚ್ಚಿನವು ಕೈಯಿಂದ ಕೈಗೆ ಸವೆದು ಚಾರ್ಮಿನಾರಿನ ಮಿನಾರುಗಳೇ ಮಾಸಿದ್ದಂಥವು. ಎರಡು ಮಾತ್ರ ಬೇರೆ. ಅಂಚಿನ ಗೆರೆಗಳು ಚರ್ಮ ಗೀರುವಷ್ಟು ಚೂಪು. ಅಪ್ಪ ಅವನ್ನು ತಟ್ಟಿದರು. ಮತ್ತೆ ತಟ್ಟಿದರು. ತಕ್ಕಡಿಯಲ್ಲಿಟ್ಟರು. ತೂಕ ಸರಿ ಇತ್ತು. ಮೂರನೆಯ ಸಲ ತಟ್ಟಿ, ದನಿ ಒಂದು ಎಳೆ ಮೇಲಿದೆ, ಇವು ಖೋಟಾ ಎಂದರು.

ಆಕೆ ಅಳಲಿಲ್ಲ, ಕೂಗಾಡಲಿಲ್ಲ. "ಇವು ಯಾರ ಕೈಗೂ ಹೋಗಿಲ್ರಿ ಸಾಹೇಬ್ರ. ಟಕಸಾಲಿಯಿಂದ ಬಂದಂಗ ಇಟ್ಟೀವಿ. ಅದಕ್ಕ ದನಿ ಬ್ಯಾರೆ ಅದ" ಎಂದಳು.

ಸಾಲಿನಲ್ಲಿದ್ದವರು ನಕ್ಕರು. ಅನುಮಾನದ ನಾಣ್ಯ ಇನ್ನೊಮ್ಮೆ ಅಂಗಡಿಗೆ ಬರಬಾರದೆಂದು ಅದನ್ನು ಛಣಿಯಿಂದ, ಅಂದರೆ ಉಕ್ಕಿನ ಉಳಿಯಿಂದ, ಕತ್ತರಿಸಿ ವಾಪಸು ಕೊಡುವುದು ಸರಾಫರ ಕಟ್ಟಳೆ. ಅಪ್ಪ ಎರಡನ್ನೂ ಕತ್ತರಿಸಿ ನಾಲ್ಕು ತುಂಡು ಆಕೆಯ ಮುಂದಿಟ್ಟರು. ಆಕೆ ಅವನ್ನು ಬೇರೆಯಾಗಿ, ಸೆರಗಿನ ಇನ್ನೊಂದು ತುದಿಗೆ ಕಟ್ಟಿಕೊಂಡು ಹೋದಳು.

ಅಪ್ಪನಿಗೆ ಆಗಿನಿಂದ ಒಂದು ಹುಳ ಹೊಕ್ಕಿತು. ತಮ್ಮ ಕೈಗೆ ಬಂದ ರೂಪಾಯಿಗಳೆಲ್ಲ ಬಜಾರು ಸುತ್ತಿ, ಸವೆದು, ತೆಳ್ಳಗಾಗಿ ಬಂದವು. ಟಂಕಸಾಲೆಯಿಂದ ಆಗತಾನೇ ಹೊರಬಿದ್ದ ನಾಣ್ಯದ ದನಿ ಹೇಗಿರುತ್ತದೆಂದು ತಾವು ಒಮ್ಮೆಯೂ ಕೇಳಿಲ್ಲ. ಕೇಳದ ದನಿಯನ್ನು ಖೋಟಾ ಎಂದದ್ದು ಹೇಗೆ? ನಾನು ಟೀಚರ್ ಟ್ರೇನಿಂಗಿಗೆ ಹೋಗುವ ಹೊತ್ತಿಗೆ ಇದನ್ನು ಅವರು ನನ್ನ ಮುಂದೆ ಹತ್ತಾರು ಸಲ ಹೇಳಿದ್ದರು. ಊಟದ ನಡುವೆ ರೊಟ್ಟಿ ಮುರಿಯುತ್ತ ಇದ್ದಕ್ಕಿದ್ದಂತೆ "ತೂಕ ಸರಿ ಇತ್ತು" ಅನ್ನುವರು. ಯಾವುದರ ತೂಕ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರೆ ಮಂಠಾಳಕ್ಕೆ ಹೋಗಿ ತಪ್ಪಾಯಿತು ಅಂದುಬಿಡಬಾರದೇ ಎಂದು ನಾನೊಮ್ಮೆ ಸಿಡುಕಿದ್ದೆ. ಅವರಿಗೆ ಸಿಟ್ಟು ಬಂತು. ಖರೆ ಇದ್ದವು ಎಂದು ಹೇಳಲು ಅವು ಖರೆ ಎಂದು ತಿಳಿದಿರಬೇಕಲ್ಲ, ತಿಳಿಯದೆ ಒಮ್ಮೆ ಹೇಳಿ ಆಗಿದೆ, ಇನ್ನೊಮ್ಮೆ ತಿಳಿಯದೆ ಹೇಳಲೇ ಎಂದರು. ನನ್ನ ಅಪ್ಪ ಅಂಥವರು. ಕ್ಷಮೆಯನ್ನೂ ತಟ್ಟಿ ನೋಡಿಯೇ ಕೊಡಬೇಕು. ಆದರೂ ಸಂತೆಗೆ ಬಂದ ಮಂಠಾಳದವರನ್ನು ಮಾತಿಗೆಳೆದು ಆಕೆ ಹೇಗಿದ್ದಾಳೆಂದು ತಿಳಿದುಕೊಳ್ಳುತ್ತಿದ್ದರು. ಬಾವಿಯ ಹತ್ತಿರದ ಮನೆ, ಮಗ ದೊಡ್ಡವನಾಗಿದ್ದಾನೆ, ಸೊಸೆ ಬಂದಿದ್ದಾಳೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು.

ಈಗ ಅಂಚೆ ಕಚೇರಿಯ ಸ್ಟೂಲಿನ ಮೇಲೆ ಕೂತ ನನ್ನ ಕೈಯಲ್ಲಿ ಅದಕ್ಕೆ ಉತ್ತರವಿತ್ತು, ಫಾರ್ಮಿನ ರೂಪದಲ್ಲಿ. ಯಾರ ಕೈಗೂ ಹೋಗದ ಒಂದು ರೂಪಾಯಿ, ಬಜಾರು ಸುತ್ತಿದ ಅಂಥದೇ ಇನ್ನೊಂದು ರೂಪಾಯಿ. ಎರಡನ್ನೂ ಅಪ್ಪನ ಕಿವಿಯ ಹತ್ತಿರ ತಟ್ಟಿದರೆ ಮುಗಿಯಿತು.

ಇಷ್ಟು ಸರಳವಾಗಿದ್ದದ್ದನ್ನು ನಾನು ಏಳು ತಿಂಗಳು ಎಳೆದೆ. ಅದನ್ನೇ ಹೇಳಬೇಕಾಗಿದೆ.

ಮೊದಲು ಅಡ್ಡ ಬಂದದ್ದು ಬೆಲೆ. ಸೆಟ್ಟಿನಲ್ಲಿ ದೊಡ್ಡ ನಾಣ್ಯ ಇದ್ದುದರಿಂದ ನನ್ನ ಟೀಚರ್ ಸಂಬಳದ ಮೂರನೆಯ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. ನಮ್ಮ ಮನೆಯವರು ಬಸ್ ಕಂಡಕ್ಟರ್, ಹುಮನಾಬಾದ್-ಬಸವಕಲ್ಯಾಣ ಮಾರ್ಗ. ಸಂಜೆ ಮಾಣಿಕನಗರದ ದಾರಿಯಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಬಂದು ಚರ್ಮದ ಚೀಲ ತೆಗೆದಿಟ್ಟರೆ ಅದೇ ಒಂದು ಟಂಕಸಾಲೆ. ಅವರಿಗೆ ವಿಷಯ ಹೇಳಿದೆ. ನನ್ನ ಚೀಲದಾಗಿನ ರೂಪಾಯಿನೂ ಸರ್ಕಾರದ್ದೇ, ಬೇಕಾದಷ್ಟು ತೊಗೊ, ಒಂದಕ್ಕೆ ಒಂದೇ ರೂಪಾಯಿ ಕೊಡು ಸಾಕು ಎಂದು ನಕ್ಕರು. ನಾನು ಮೂರು ದಿನ ಅವರ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದೆ.

ಆದರೂ ಅವರ ಮಾತು ತಲೆಯಲ್ಲಿ ಉಳಿಯಿತು. ಹೊಸ ರೂಪಾಯಿಗೆ ಮುಂಬಯಿವರೆಗೆ ಯಾಕೆ ಹೋಗಬೇಕು, ಬ್ಯಾಂಕಿನಲ್ಲಿ ಸಿಗುವುದಿಲ್ಲವೇ? ಬ್ಯಾಂಕಿನ ಕ್ಯಾಶಿಯರನ್ನು ಕಾಡಿ ಹೊಚ್ಚ ಹೊಸ ಒಂದು ರೂಪಾಯಿ ಪಡೆದು, ಮುಂದಿನ ರವಿವಾರ ಬಸವಕಲ್ಯಾಣಕ್ಕೆ ಒಯ್ದೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ತಟ್ಟದೆಯೇ ವಾಪಸು ಕೊಟ್ಟರು. ಅಂಚಿನಲ್ಲಿ ಕೂದಲೆಳೆಯಂಥ ಗೀರುಗಳಿದ್ದವು. ಚೀಲದಲ್ಲಿ ಸಾವಿರ ರೂಪಾಯಿ ಒಂದಕ್ಕೊಂದು ತಿಕ್ಕಾಡುತ್ತ ಲಾರಿಯಲ್ಲಿ ಬಂದದ್ದು, ಇದು ಹೊಸದಲ್ಲ, ಮುಖ ತೊಳೆದ ಹಳೆಯದು ಎಂದರು. ಅವರ ಹಟ ಕಂಡು ನನಗೆ ಒಳಗೊಳಗೇ ಖುಷಿಯಾಯಿತು. ನನಗೂ ಟಂಕಸಾಲೆಯದೇ ಬೇಕಿತ್ತು.

ಆಗ ಫಾರ್ಮಿನ ವಿಷಯ ತೆಗೆದೆ. ಎರಡು ಬಗೆಯ ಸೆಟ್ಟುಗಳಿವೆ ಎಂದೆ. ಪ್ರೂಫ್ ಸೆಟ್ ನಮಗೆ ಬೇಡವೆಂದು ನಾನೇ ತೀರ್ಮಾನಿಸಿದ್ದೆ. ಅದನ್ನು ಬೇರೆಯಾಗಿ, ಮುದ್ದು ಮಾಡಿ ಹೊಡೆದಿರುತ್ತಾರೆ, ಅದರ ದನಿ ಬೇರೆಯಾಗಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ನಮಗೆ ಬೇಕಾದದ್ದು ಸಾದಾ ನಾಣ್ಯ, ಬಜಾರು ನೋಡದ್ದು. ಅದನ್ನು ಅಪ್ಪನಿಗೆ ತಿಳಿಯುವ ಬಜಾರಿನ ಮಾತಿನಲ್ಲಿ, ಚಲಾವಣೆಗೆ ಚಲ್ತಿ ಎಂದು, ಹೇಳಿದೆ: "ಚಲ್ತಿಗೆ ಹೋಗದ ನಾಣ್ಯ ಮಾರಾಕತ್ತಾರ ಅಪ್ಪಾ."

ಅಪ್ಪ ಮುಖ ಗಂಟಿಕ್ಕಿದರು. "ಚಲ್ತಿ ಹೋದ ನಾಣ್ಯಕ್ಕ ರೊಕ್ಕ ಯಾಕ ಕೊಡ್ತಿ? ನಾ ಎರಡು ವರ್ಷ ಅವನ್ನೇ ಬದಲಿ ಮಾಡಿ ಕೊಟ್ಟೀನಿ. ಒಂದು ಚೀಲ ತರಿಸಲೇನು?"

ನಾನು ಹೋಗದ ಅಂದದ್ದು, ಅವರಿಗೆ ಹೋದ ಎಂದು ಕೇಳಿಸಿತ್ತು. ಒಂದು ಗೆ, ಒಂದು ಗ, ಎರಡೇ ಅಕ್ಷರ. ಯಾರ ಕೈಗೂ ಹೋಗದ ನಾಣ್ಯ ಹೋಗಿ, ಕಾಲ ಮುಗಿದು ಚಲ್ತಿ ಕಳೆದುಕೊಂಡ ನಾಣ್ಯವಾಗಿಬಿಟ್ಟಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಮತ್ತೆ ಜೋರಾಗಿ ಹೇಳಿದ ಮೇಲೆ ಅವರಿಗೆ ತಿಳಿಯಿತು. ಆಗ ಇನ್ನೊಂದು ತಕರಾರು ತೆಗೆದರು. ಹಾಲಿ ರೂಪಾಯಿ ಕೊಟ್ಟು ಇಂಗ್ರೇಜಿ ಸರ್ಕಾರದ ಕಲ್ದಾರ್ ರೂಪಾಯಿ ಕೊಳ್ಳುವಾಗ ಮೇಲೆ ಇಷ್ಟು ಎಂದು ಬಟ್ಟಾ ಕೊಡಬೇಕಾಗುತ್ತಿತ್ತು. ಅದು ಎರಡು ಸರ್ಕಾರಗಳ ನಡುವಿನ ಮಾತು. ಈಗ ಇರುವುದು ಒಂದೇ ಸರ್ಕಾರ, ಅದು ತನ್ನ ರೂಪಾಯಿಗೆ ತಾನೇ ಬಟ್ಟಾ ಹಿಡಿಯುತ್ತದೆಂದರೆ ಇದರಲ್ಲಿ ಏನೋ ಇದೆ, ವಿಚಾರಿಸಿ ನೋಡು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಈ ಹೋದ, ಹೋಗದ ಎಂಬ ಕತೆಯನ್ನು ನಮ್ಮ ಮನೆಯವರಿಗೆ ಹೇಳಿದೆ. ಅವರು ಅದನ್ನು ಡ್ರೈವರನಿಗೆ ಹೇಳಿದರು. ಬಹಳ ದಿನ ನಾವು ಮೂವರೂ ನಕ್ಕೆವು.

ಅಪ್ಪ ಹೇಳಿದ ಹಾಗೆ ವಿಚಾರಿಸಿದೆ. ಪೋಸ್ಟ್ ಮಾಸ್ತರರು ಬೇಸರವಿಲ್ಲದೆ ಉತ್ತರಿಸಿದರು. ಹೆಚ್ಚಿನ ಹಣ ಪ್ಯಾಕಿಂಗಿಗೆ, ಕಳಿಸುವ ಖರ್ಚಿಗೆ, ಮತ್ತೆ ಬೇಕು ಅನ್ನುವವರು ಇದ್ದಾರೆ ಎಂಬ ಕಾರಣಕ್ಕೆ. ಸರ್ಕಾರದಿಂದಲೇ ತರಿಸಿದರೆ ಖೋಟಾ ಎಂಬ ಅಂಜಿಕೆ ಇಲ್ಲ. ಬೇರೆ ವ್ಯಾಪಾರಿಗಳ ಹತ್ತಿರ ಬೇಗ ಸಿಗುತ್ತದೆ, ಆದರೆ ಪ್ಯಾಕೆಟ್ ಯಾರು ಬಿಚ್ಚಿ ಮುಚ್ಚಿದ್ದಾರೋ ಹೇಳಲು ಬರುವುದಿಲ್ಲ. ಮುಂದೆ ಬೆಲೆ ಏರುತ್ತದೆಯೇ ಎಂದರೆ, ಏರಿದರೆ ಏರಿತು, ನಾನು ಮಾರಲು ಕೊಂಡಿಲ್ಲ ಎಂದರು. ಇಷ್ಟೆಲ್ಲ ಆದ ಮೇಲೆ, ನೀವು ತರಿಸಿ ಏನು ಮಾಡುತ್ತೀರಿ ಎಂದು ಅವರೇ ಕೇಳಿದರು. ತೆಗೆದು ಬಾರಿಸುತ್ತೇನೆ ಎಂದೆ. ಆ ಮನುಷ್ಯನ ಮುಖ ನೋಡುವಂತಿರಲಿಲ್ಲ. ಬೆರಳು ತಗುಲಿದರೆ ಬೆವರಿನ ಗುರುತು ಉಳಿಯುತ್ತದೆ, ಒಂದಕ್ಕೊಂದು ತಾಗಿಸಿದರೆ ಗೀರು ಬೀಳುತ್ತದೆ, ಆಮೇಲೆ ಅದು ಕೂಡಿಸಿಟ್ಟ ನಾಣ್ಯವಲ್ಲ, ಬರೀ ಚಿಲ್ಲರೆ ಎಂದು ವಿವರಿಸಿದರು.

ಹೀಗೆ ಒಬ್ಬೊಬ್ಬರದು ಒಂದೊಂದು ಮಾತು. ಪ್ರತಿಯೊಂದೂ ನನಗೆ ಇಷ್ಟವಾಗುತ್ತಿತ್ತು, ಅದೇ ನನ್ನ ತೊಂದರೆ. ತಿಳಿದುಕೊಳ್ಳುವುದರಲ್ಲೇ ನನಗೆ ಅರ್ಧ ಹೊಟ್ಟೆ ತುಂಬುತ್ತದೆ. ಫಾರ್ಮನ್ನು ಪೆನ್ಸಿಲಿನಲ್ಲಿ ತುಂಬಿ ಟ್ರಂಕಿನಲ್ಲಿಟ್ಟೆ. ಪರೀಕ್ಷೆಗಳು ಬಂದವು, ಜನಗಣತಿಯ ಪೂರ್ವಭಾವಿ ಪಟ್ಟಿ ಬಂತು, ಮಳೆಗಾಲ ಬಂತು. ಇನ್ನೊಂದು ಕಾರಣವೂ ಇತ್ತು, ಅದನ್ನು ಆಗ ನನಗೇ ಒಪ್ಪಿಕೊಳ್ಳಲಾಗಿರಲಿಲ್ಲ. ದನಿ ಬೇರೆಯೇ ಎಂದು ಗೊತ್ತಾದರೆ ಅಪ್ಪ ಏನಾಗುತ್ತಾರೆ? ಗೊತ್ತಿಲ್ಲದೆ ಇಪ್ಪತ್ತು ವರ್ಷ ಅನ್ನ ತಿಂದಿದ್ದಾರೆ. ಗೊತ್ತಾಗಿ ತಿನ್ನಬಲ್ಲರೇ?

ಶ್ರಾವಣದಲ್ಲಿ ಬಸವಕಲ್ಯಾಣಕ್ಕೆ ಹೋದಾಗ ಅಡುಗೆ ಮನೆಯಲ್ಲಿ ಅವ್ವನ ಕೈಯಿಂದ ಹಿತ್ತಾಳೆ ತಾಟು ಜಾರಿ ಬಿತ್ತು. ಮನೆಯೆಲ್ಲ ಝಣಝಣ ಅಂದಿತು, ತಾಟು ತಿರುಗಿ ತಿರುಗಿ ನಿಲ್ಲಲು ಹೊತ್ತು ಹಿಡಿಯಿತು. ಪಡಸಾಲೆಯಲ್ಲಿ ನನ್ನ ಎದುರಿಗೆ ಕೂತಿದ್ದ ಅಪ್ಪ ಅಡಿಕೆ ಕತ್ತರಿಸುತ್ತಲೇ ಇದ್ದರು. ಕತ್ತು ಕೂಡ ತಿರುಗಿಸಲಿಲ್ಲ. ನಾನು ಅವ್ವನ ಮುಖ ನೋಡಿದೆ. ಆಕೆ, ಉಗಾದಿಯಿಂದ ಹೀಗೇ, ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ ಎಂದಳು. ಹೋದ, ಹೋಗದ ಎಂದು ನಾವು ಮೂವರೂ ನಕ್ಕದ್ದು ನೆನಪಾಗಿ ನನಗೆ ಮೈಯೆಲ್ಲ ನಾಚಿಕೆಯಾಯಿತು. ಕಿವುಡಿನ ಮೊದಲ ಮೆಟ್ಟಿಲನ್ನು ನಾನು ಬಸ್ಸಿನಲ್ಲಿ ನಗೆಯ ಕತೆಯಾಗಿ ಹಂಚಿದ್ದೆ.

ಮರುದಿನವೇ ಡ್ರಾಫ್ಟ್ ಮಾಡಿಸಿ, ಪೆನ್ಸಿಲಿನ ಮೇಲೆ ಶಾಯಿ ತಿದ್ದಿ ಫಾರ್ಮು ಕಳಿಸಿದೆ. ಅಪ್ಪನನ್ನು ಬೀದರಿಗೆ ಕರೆದೊಯ್ದು ಡಾಕ್ಟರಿಗೂ ತೋರಿಸಿದೆವು. ಒಳಗಿನ ನರದ ತೊಂದರೆ, ಕಿವಿಗೆ ಬಾಯಿ ಹಚ್ಚಿ ಮಾತಾಡಿದರೆ ಇನ್ನು ಕೆಲವು ದಿನ ಕೇಳಿಸಬಹುದು ಎಂದರು ಅವರು. ಆಮೇಲೆ ದಿನಾ ಶಾಲೆ ಬಿಟ್ಟು ಅಂಚೆ ಕಚೇರಿಗೆ ಹೋಗುವುದಾಯಿತು. ಪೋಸ್ಟ್ ಮಾಸ್ತರರು ದೂರದಿಂದಲೇ ತಲೆ ಅಲ್ಲಾಡಿಸುವರು. ಇಂಥ ಸೆಟ್ಟುಗಳು ಕಳಿಸಿದ ಕೂಡಲೇ ಬರುವುದಿಲ್ಲ, ಸರದಿ ಪ್ರಕಾರ ಬರುತ್ತವೆ ಎಂದು ಫಾರ್ಮಿನಲ್ಲೇ ಬರೆದಿತ್ತು. ಏಳು ತಿಂಗಳು ನಾನು ಕಾಯಿಸಿದ ಮೇಲೆ ಯಾರ ಮೇಲೆ ಸಿಟ್ಟಾಗಲಿ?

ರಜಿಸ್ಟರ್ ಪಾರ್ಸಲ್ ಬಂದಾಗ ಚಳಿ ಬಿದ್ದಿತ್ತು. ಪೋಸ್ಟ್ ಮಾಸ್ತರರು ತಮ್ಮದೇ ಮಗಳ ಮದುವೆ ಸೀರೆಯಂತೆ ಅದನ್ನು ಎರಡೂ ಕೈಯಲ್ಲಿ ಕೊಟ್ಟರು. ನಮ್ಮ ಮನೆಯವರು ಚೀಲವೆಲ್ಲ ಹುಡುಕಿ, ಅದೇ ಅಚ್ಚಿನ, ಚೆನ್ನಾಗಿ ಸವೆದ ಒಂದು ರೂಪಾಯಿ ಆರಿಸಿ ಕೊಟ್ಟರು. ಈ ಸಲ ಅವರು ನಗಲಿಲ್ಲ.

ಬಸವಕಲ್ಯಾಣದ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ, ಅಪ್ಪನ ಮುಂದೆ ಪ್ಯಾಕೆಟ್ ಬಿಚ್ಚಿದೆ. ಬಾರಿಸುವುದಕ್ಕೇ ತರಿಸಿದ್ದೆಂದು ಅವರಿಗೆ ಗೊತ್ತು. ಆದರೂ ಮೊದಲು ದೊಡ್ಡ ನಾಣ್ಯ ಕೈಗೆತ್ತಿಕೊಂಡು ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಆಡಿಸಿದರು. ಅರ್ಧ ಬೆಳ್ಳಿ ಎಂದರು. ಜೊತೆಗಿದ್ದ ಕಾಗದದಲ್ಲೂ ಅರ್ಧ ಎಂದೇ ಇತ್ತು, ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ಅವರ ಮುಖದಲ್ಲಿ ಹಳೆಯ ಪಾರಖಿ ಒಂದು ಕ್ಷಣ ಬಂದು ಹೋದರು. ಆಮೇಲೆ ಸೆಟ್ಟಿನ ಒಂದು ರೂಪಾಯಿ ಎತ್ತಿ ತೋರುಬೆರಳಿನ ಮೇಲೆ ನಿಲ್ಲಿಸಿದರು. ಬೆರಳು ಅಲುಗುತ್ತಿದ್ದುದರಿಂದ ನಿಲ್ಲಲಿಲ್ಲ. ನನಗೆ ಕೊಟ್ಟು, ನೀನು ಬಾರಿಸು, ನಾನು ಆಚೆ ಮುಖ ಮಾಡುತ್ತೇನೆ, ಯಾವುದು ಹೊಸದು ಯಾವುದು ಹಳೆಯದು ನಾನು ಹೇಳಬೇಕು ಎಂದರು.

ನಾನು ಅವರ ಬಲಗಿವಿಯ ಹತ್ತಿರ ಹಿಡಿದು ಹಳೆಯದನ್ನು ತಟ್ಟಿದೆ. ಹೊಸದನ್ನು ತಟ್ಟಿದೆ. ಮತ್ತೆ ಹಳೆಯದನ್ನು.

ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಇದ್ದರು. "ಯಾಕ ತಡಾ ಮಾಡಾಕತ್ತಿ? ಬಾರಿಸು" ಎಂದರು.

ನಾನು ಎಡಗಿವಿಯ ಕಡೆ ಹೋದೆ. ಅಲ್ಲಿ ತಟ್ಟಿದೆ, ಜೋರಾಗಿ ತಟ್ಟಿದೆ. ಅವರು ಕಾಯುತ್ತಿದ್ದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಕೊನೆಗೆ ಅವರೇ ತಿರುಗಿ ನನ್ನ ಕೈಯಲ್ಲಿದ್ದ ಎರಡು ರೂಪಾಯಿ ನೋಡಿದರು, ನನ್ನ ಕಣ್ಣು ನೋಡಿದರು. ಅವರಿಗೆ ತಿಳಿಯಿತು. ಆ ಏಳು ತಿಂಗಳನ್ನು ನಾನು ಯಾವ ಬೆಲೆ ಕೊಟ್ಟಾದರೂ ವಾಪಸು ಕೊಳ್ಳುತ್ತಿದ್ದೆ. ಅದನ್ನು ಮಾರುವವರು ಯಾರೂ ಇರಲಿಲ್ಲ.

ಅಪ್ಪ ಅಳಲಿಲ್ಲ. ನೀನು ಕೇಳು ಎಂದರು. ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುತ್ತೀಯಲ್ಲ, ಹಾರ್ಮೋನಿಯಂ ಬಾರಿಸುತ್ತೀಯಲ್ಲ, ಕೇಳಿ ಹೇಳು ಎಂದರು.

ಕೇಳಿದೆ. ಒಂದು ಸಲ ಅಲ್ಲ, ಇಪ್ಪತ್ತು ಸಲ. ಬೀದಿಯ ಬಾಗಿಲು ಮುಚ್ಚಿಸಿ ಕೇಳಿದೆ. ಹಳೆಯ ರೂಪಾಯಿಗಿಂತ ಹೊಸ ರೂಪಾಯಿಯ ದನಿ ಮೇಲಿತ್ತು. ಬಹಳವಲ್ಲ. ಗೊತ್ತಿಲ್ಲದವರಿಗೆ ಎರಡೂ ಒಂದೇ. ಆದರೆ ಒಂದು ಎಳೆ, ಅಪ್ಪ ಆ ದಿನ ಅಂದ ಅದೇ ಒಂದು ಎಳೆ. ನಾನು ಅವರ ಕಿವಿಗೆ ಬಾಯಿ ಹಚ್ಚಿ ಹೇಳಿದೆ: "ಬ್ಯಾರೆ ಅದ ಅಪ್ಪಾ. ಮ್ಯಾಲೆ ಅದ."

ಅವರು ಕೋಟು ಎಲ್ಲಿ ಎಂದು ಅವ್ವನನ್ನು ಕೇಳಿದರು.

ಮಂಠಾಳದಲ್ಲಿ ನಾವಿಬ್ಬರೂ ಬಸ್ಸಿಳಿದಾಗ ಮಧ್ಯಾಹ್ನ ಮೂರು ಗಂಟೆ. ಬಾವಿಯ ಹತ್ತಿರದ ಮನೆಯನ್ನು ಯಾರನ್ನೂ ಕೇಳದೆ ಅಪ್ಪ ಹುಡುಕಿದರು. ಆಕೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಅಪ್ಪ ಯಾರೆಂದು ನಾನು ಹೇಳುವ ಮೊದಲೇ ಗುರುತು ಹಿಡಿದಳು, ಮೊರವನ್ನು ಕೆಳಗಿಟ್ಟಳು, ಬರ್ರಿ ಅನ್ನಲಿಲ್ಲ. ಅಪ್ಪ ನಿಂತುಕೊಂಡೇ, ಕಿವುಡರ ದೊಡ್ಡ ದನಿಯಲ್ಲಿ, ಹೊಸ ನಾಣ್ಯ ತರಿಸಿ ಕೇಳಿಸಿದೆವು, ನೀನು ಹೇಳಿದ್ದೇ ಖರೆ, ತೂಕವೂ ಸರಿ ಇತ್ತು, ದನಿ ಒಂದನ್ನೇ ನಂಬಿ ನಾನು ಕತ್ತರಿಸಿದೆ, ನನ್ನದು ತಪ್ಪಾಯಿತು ತಂಗಿ ಎಂದರು.

ಆಕೆ ಅಪ್ಪನನ್ನಲ್ಲ, ಅಂಗಳದ ತೊಗರಿಯನ್ನು ನೋಡುತ್ತ ಹೇಳಿದಳು: "ಇದನ್ನ ನಮ್ಮತ್ತಿ ಮುಂದ ಬಂದು ಹೇಳಬೇಕಿತ್ರಿ ನೀವು. ಖರೇ ರೂಪಾಯಿ ತವರಿಗೆ ಕೊಟ್ಟು ಖೋಟಾ ತಂದಾಳ ಅಂತ ಅಂದಕೊಂತನೇ ಸತ್ತಳು. ಸಾಯೋತನಾ ಕಾಳಿನ ಕ್ವಾಣಿ ಕೀಲಿ ನನ್ನ ಕೈಯಾಗ ಕೊಡಲಿಲ್ಲ. ಓಣಿ ಎಲ್ಲಾ ಇದು ಖೋಟಾ ರೂಪಾಯಿ ಮನಿ ಅಂತದ, ಈಗೂ."

ಅಪ್ಪ ನನ್ನತ್ತ ತಿರುಗಿದರು. ಏನಂದಳು ಎಂದು ಕೇಳಿದರು.

ಆಕೆ ನನ್ನ ಕಡೆ ಕೈಯಾಡಿಸಿ, ಬೇಡ ಬಿಡು ಎಂದು ಸನ್ನೆ ಮಾಡಿದಳು. ಆಗಲಿ ಹೋಗಲಿ ಅಂದಳು ಎಂದು ಹೇಳಿಬಿಡಬಹುದಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ, ನೆಮ್ಮದಿಯಾಗಿ ಬಸ್ ಹತ್ತುತ್ತಿದ್ದರು. ಆದರೆ ಜೀವಮಾನವೆಲ್ಲ ಖರೆ ಯಾವುದು, ಖೋಟಾ ಯಾವುದು ಎಂದು ಹೇಳಿ ನಮ್ಮನ್ನು ಸಾಕಿದ ಮನುಷ್ಯನ ಕೈಗೆ ಖೋಟಾ ಇಡಲು ನನ್ನಿಂದಾಗಲಿಲ್ಲ. ಕಿವಿಗೆ ಬಾಯಿ ಹಚ್ಚಿ, ಒಂದು ಮಾತೂ ಬಿಡದೆ, ಎರಡು ಸಲ ಹೇಳಿದೆ.

ಅವರು ತಲೆಯಾಡಿಸಿದರು. ಟೊಪ್ಪಿಗೆ ಸರಿಪಡಿಸಿಕೊಂಡು ಅಂಗಳ ದಾಟಿ ಓಣಿಗೆ ಹೋದರು. ಬಾವಿಯ ಹತ್ತಿರ ನಾಲ್ಕೈದು ಹೆಂಗಸರು ನೀರು ಸೇದುತ್ತಿದ್ದರು, ಕಟ್ಟೆಯ ಮೇಲೆ ಇಬ್ಬರು ಮುದುಕರು ಕೂತಿದ್ದರು. ಅಪ್ಪ ಓಣಿಯ ನಡುವೆ ನಿಂತು ಅವರೆಲ್ಲರ ಕಡೆ ಮುಖ ಮಾಡಿ ಹೇಳಿದರು.

"ಈಕಿ ರೂಪಾಯಿ ಖರೇ ಇದ್ದವು. ಖೋಟಾ ನನ್ನ ಕಿವಿ."

ಹಗ್ಗ ಎಳೆಯುತ್ತಿದ್ದವರು ಎಳೆಯುವುದನ್ನು ನಿಲ್ಲಿಸಿ ನೋಡಿದರು. ಮುದುಕರಲ್ಲಿ ಒಬ್ಬ, ಯಾವ ರೂಪಾಯಿ ಎಂದು ಇನ್ನೊಬ್ಬನನ್ನು ಕೇಳಿದ. ಆಕೆ ಬಾಗಿಲಿಗೆ ಬಂದು ನಿಂತಿದ್ದಳು, ಕಣ್ಣಿನಿಂದ ಧಾರೆ ಹರಿಯುತ್ತಿತ್ತು. ಸಾಕ್ರಿ ಸಾಹೇಬ್ರ, ಸಾಕು ಎನ್ನುತ್ತಿದ್ದಳು. ಅಪ್ಪನಿಗೆ ಅದು ಕೇಳಿಸಲಿಲ್ಲ. ಅವರು ಇನ್ನೊಮ್ಮೆ ಹೇಳಿದರು.